ಹೊಂಗೆಮರಕ್ಕೆ ಕಟ್ಟಿದ ಕಟ್ಟೆ

ಜಯರಾಮಪ್ಪ ಮಾಡಿದ ಅಮ್ಮನವರ ಕೆನ್ನೆಯನ್ನು ಮುಟ್ಟಿ ನೋಡದೆ ಬಿಟ್ಟವರಿಲ್ಲ. ಪೂಜಾರಿ ಗದರಿದರೂ ಸರಿಯೆ, ಬಣ್ಣ ಬಳಿಯುವ ಮುಂಚೆ ಒಂದು ಸಲ ಬೆರಳಾಡಿಸಿ, ಇದೇನು ಸಿಮೆಂಟೋ ಬೆಣ್ಣೆಯೋ ಅನ್ನುತ್ತಿದ್ದರು. ಕ್ಯಾಸಂಬಳ್ಳಿಯ ಸುತ್ತಮುತ್ತ ಎಷ್ಟು ಗುಡಿಗಳ ಮೇಲೆ ಅವನ ಸಿಂಹಗಳು ಬಾಯಿ ತೆರೆದು ಕೂತಿವೆಯೋ, ಎಷ್ಟು ಮನೆಗಳ ಗೇಟಿನ ಕಂಬಗಳ ಮೇಲೆ ಅವನ ಗಿಳಿಗಳಿವೆಯೋ ಅವನಿಗೇ ನೆನಪಿಲ್ಲ. ಒಂದರ ಮೇಲೂ ಅವನ ಹೆಸರಿಲ್ಲ. ಇರುವುದು ಸಿಮೆಂಟು ಕೊಡಿಸಿದವರ ಹೆಸರು, ಬಣ್ಣ ಕೊಡಿಸಿದವರ ಹೆಸರು, ಅವರ ತೀರಿಹೋದ ತಂದೆತಾಯಿಗಳ ಹೆಸರು. ಗಾರೆ ಕಲಸಿದವನ ಹೆಸರನ್ನು ಯಾರು ಕೆತ್ತಿಸುತ್ತಾರೆ ಹೇಳಿ.

ಆ ನುಣುಪಿನ ಗುಟ್ಟು ಊರಿಗಾಂನ ಅವನ ಮನೆಯ ಮೂಲೆಯಲ್ಲಿ ಒಂದು ಗೋಣಿಚೀಲದಲ್ಲಿತ್ತು. ಊರಿಗಾಂನವರಿಗೆ ಸೈನೈಡ್ ದಿಬ್ಬ ಅಂದರೆ ಸಾಕು, ದೂರದವರಿಗೆ ಬಿಡಿಸಿ ಹೇಳಬೇಕು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಾತಾಳದ ಕಲ್ಲನ್ನು ಮೇಲೆ ತಂದು, ಹಿಟ್ಟಾಗುವಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸಿಕೊಂಡು, ಮಿಕ್ಕ ಬೂದುಬಣ್ಣದ ಮಣ್ಣನ್ನು ಸುರಿದೂ ಸುರಿದೂ ಆದ ಗುಡ್ಡಗಳು ಅವು. ಗಾಳಿ ಎದ್ದ ದಿನ ಆ ಮಣ್ಣು ಊಟದ ತಟ್ಟೆಯವರೆಗೂ ಬರುತ್ತದೆ. ತೆಗೆಯಬಾರದೆಂದು ಬೋರ್ಡು ಇದೆ. ಆದರೂ ಜಯರಾಮಪ್ಪ ವರ್ಷಕ್ಕೊಂದೆರಡು ಸಲ, ಬೆಳಕು ಹರಿಯುವ ಹೊತ್ತಿಗೆ ಸೈಕಲ್ಲು ತುಳಿದುಕೊಂಡು ಹೋಗಿ ಒಂದು ಚೀಲ ತುಂಬಿ ತರುತ್ತಿದ್ದ. ಅದನ್ನು ಬಟ್ಟೆಯಲ್ಲಿ ಸೋಸಿ ಕೊನೆಯ ಲೇಪಕ್ಕೆ ಬೆರೆಸಿದರೆ ಅಮ್ಮನವರ ಕೆನ್ನೆ, ಗಿಳಿಯ ಎದೆ, ಸಿಂಹದ ನಾಲಿಗೆ ಎಲ್ಲ ನುಣ್ಣಗೆ ಬರುತ್ತಿದ್ದವು. ಈ ಸಂಗತಿ ಅವನ ಹೆಂಡತಿ ಸುಬ್ಬಲಕ್ಷ್ಮಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿದ್ದದ್ದು ಆ ಚೀಲದ ಧೂಳು ಗುಡಿಸುವವಳು ಅವಳೇ ಆದ್ದರಿಂದ.

ಸುಬ್ಬಲಕ್ಷ್ಮಮ್ಮ ಸೊಪ್ಪು ಮಾರುವವಳು. ಮೊದಲ ಬಸ್ಸಿಗೆ ಕ್ಯಾಸಂಬಳ್ಳಿಗೆ ಹೋಗಿ ಬೆರಕೆ ಸೊಪ್ಪು, ದಂಟು, ಸಬ್ಬಸಿಗೆ, ಕೊತ್ತಂಬರಿ, ಆ ದಿನ ಏನು ಸಿಕ್ಕಿದರೆ ಅದನ್ನು ಮೂಟೆ ಕಟ್ಟಿ ತಂದು, ತಮ್ಮ ಲೈನಿನ ಬಾಯಲ್ಲೇ ಇದ್ದ ಹೊಂಗೆಮರದ ಕೆಳಗೆ ಒದ್ದೆ ಗೋಣಿ ಹಾಸಿ ಕೂರುತ್ತಿದ್ದಳು. ಲೈನು ಅಂದರೆ ಗಣಿಯ ಕೂಲಿಗಳಿಗೆಂದು ಹಿಂದೆ ಕಂಪನಿಯವರು ಸಾಲಾಗಿ ಕಟ್ಟಿಸಿದ ಗೂಡಿನಂಥ ಮನೆಗಳು. ಬೇಸಿಗೆಯ ಮಧ್ಯಾಹ್ನ ಅವುಗಳ ತಗಡಿನ ಸೂರಿನ ಕೆಳಗೆ ನರಪಿಳ್ಳೆಯೂ ಇರಲಾರದು. ಇಡೀ ಲೈನೇ ಎದ್ದು ಬಂದು ಹೊಂಗೆಯ ಕೆಳಗೆ ಕೂರುತ್ತಿತ್ತು. ಅಕ್ಕಿ ಆರಿಸುವುದು, ತಲೆ ಬಾಚುವುದು, ತಮಿಳಿನಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಬೆಳೆದು ಕನ್ನಡದಲ್ಲಿ ಮುಗಿಯುವುದು, ಎಲ್ಲ ಅಲ್ಲೇ. ಬೇರೆ ಕಡೆ ಹನ್ನೊಂದು ಗಂಟೆಗೆ ಸೋತು ಮಲಗುವ ಸೊಪ್ಪು ಅವಳ ಹತ್ತಿರ ಸಂಜೆಯ ತನಕ ತಲೆ ಎತ್ತಿಕೊಂಡಿರುತ್ತಿತ್ತು. ಮರದ ಒಂದು ದಪ್ಪ ಬೇರು ನೆಲದ ಮೇಲೆ ಎದ್ದು ಚರಂಡಿಯ ಕಡೆಗೆ ಹರಿದಿತ್ತು. ಬೆನ್ನು ನೋವು ಬಂದಾಗ ಅವಳು ಗೋಣಿ ಬಿಟ್ಟು ಆ ಬೇರಿನ ಮೇಲೆ ಕೂರುತ್ತಿದ್ದಳು.

ಮರದ ಹಬ್ಬ ಅನ್ನುವುದನ್ನು ಆ ಕಡೆಗೆ ತಂದವಳು ಭಾನುಪ್ರಿಯ. ಬಂಗಾರಪೇಟೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುವ ಹುಡುಗಿ. ರಸ್ತೆ ಅಗಲ ಮಾಡುವಾಗ ಮರಗಳು ಒಂದೊಂದಾಗಿ ಉರುಳುವುದನ್ನು ನೋಡಿ ಅವಳಿಗೆ ಹೊಟ್ಟೆ ಉರಿದಿತ್ತು. ಒಂದೊಂದು ಬೀದಿಯವರೂ ತಮ್ಮ ಮರವೊಂದನ್ನು ಆರಿಸಿಕೊಂಡು, ತಮಗೆ ಬಂದ ಕಲೆಯಲ್ಲಿ ಅದಕ್ಕೆ ಮರ್ಯಾದೆ ಮಾಡಬೇಕು, ಮಳೆಗಾಲದ ಮೊದಲ ಭಾನುವಾರ ಎಲ್ಲರೂ ಸೇರಿ ಮರದಿಂದ ಮರಕ್ಕೆ ನಡೆದು ನೋಡಬೇಕು ಎಂದು ಅವಳ ಆಸೆ. ಬಣ್ಣ ಬಳಿದ ಮರವನ್ನು ಕಡಿಯಲು ಮನುಷ್ಯನಿಗೆ ಸ್ವಲ್ಪವಾದರೂ ಕೈ ನಡುಗೀತು ಎಂದುಕೊಂಡಿದ್ದಳು. ಹುಣಸೆಮರದ ಬೀದಿಯ ಹೆಂಗಸರು ಸುತ್ತ ದೊಡ್ಡ ರಂಗೋಲಿ ಬಿಡಿಸುತ್ತೇವೆ ಅಂದರು. ಬೇವಿನಮರದ ಹಿಂದಿನ ಗೋಡೆಗೆ ಹುಡುಗರು ಹಕ್ಕಿಗಳನ್ನು ಬರೆಯಲು ಹೊರಟರು. ಹೊಂಗೆಮರದ ಲೈನಿನ ಪರವಾಗಿ ಎದ್ದು ನಿಂತವನು ಸೆಲ್ವರಾಜ್, ಲಗೇಜ್ ಆಟೋ ಓಡಿಸುವವನು, ಎಲ್ಲದಕ್ಕೂ ಮುಂದೆ. ಅವನು ಆ ಹುಡುಗಿಯನ್ನು ನೆಟ್ಟಗೆ ಜಯರಾಮಪ್ಪನ ಮನೆಗೇ ಕರೆದುಕೊಂಡು ಬಂದ.

ಆಗ ಜಯರಾಮಪ್ಪನಿಗೆ ಕೆಲಸ ಕಮ್ಮಿಯಾಗಿತ್ತು. ಅಚ್ಚಿನಲ್ಲಿ ಹೊಯ್ದ ರೆಡಿಮೇಡ್ ಸಿಂಹಗಳು ಹೊಸೂರಿನ ಕಡೆಯಿಂದ ಟೆಂಪೋದಲ್ಲಿ ಬರುತ್ತಿದ್ದವು. ಭಾನುಪ್ರಿಯ ಅವನ ಮನೆಯ ಕಿಟಕಿಯ ಮೇಲಿದ್ದ ಒಂದು ಹಳೆಯ ಗಿಳಿಯನ್ನು ಮುಟ್ಟಿ ನೋಡಿದಳು, ಎಲ್ಲರೂ ಮುಟ್ಟುವ ಹಾಗೆ. ಆಮೇಲೆ ಎಲ್ಲರೂ ಕೇಳದ ಒಂದು ಮಾತು ಕೇಳಿದಳು.

"ಮೇಸ್ತ್ರಿ, ಇದರಲ್ಲಿ ನಿಮ್ಮ ಹೆಸರೆಲ್ಲಿ?"

ಅವನು ನಕ್ಕ. ನಮ್ಮ ಹೆಸರು ಯಾತಕ್ಕಮ್ಮಾ ಅಂದ. ಮರಕ್ಕೆ ಮಾಡುವ ಕೆಲಸದಲ್ಲಿ ಹೆಸರು ಹಾಕಲೇಬೇಕು, ಅದಿಲ್ಲದಿದ್ದರೆ ತಾನು ಒಪ್ಪುವುದಿಲ್ಲ ಎಂದು ಅವಳು ಹಟ ಹಿಡಿದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅರವತ್ತು ದಾಟಿದವನ ತಲೆಗೆ ಅದು ಏರಿತು. ಆ ರಾತ್ರಿ ಜಯರಾಮಪ್ಪ ಮುದ್ದೆ ಮುಂದಿಟ್ಟುಕೊಂಡು, ಬೆರಳಿನಿಂದ ತಟ್ಟೆಯ ಅಂಚಿನಲ್ಲಿ ವೃತ್ತ ಎಳೆಯುತ್ತ ಕೂತಿದ್ದ. ಸಾರು ಆರಿಹೋಯಿತು.

ಅವನಿಗೆ ಹೊಳೆದದ್ದು ಕಟ್ಟೆ. ಬರೀ ಕಟ್ಟೆಯಲ್ಲ, ಎದೆಮಟ್ಟದ, ಬಳೆಯಂತೆ ದುಂಡಗಿನ ಕಟ್ಟೆ. ಅದರ ಹೊರಮೈಯ ಸುತ್ತಲೂ ಆ ಪ್ರಾಂತ್ಯದ ಮರಗಳನ್ನೆಲ್ಲ ಸಿಮೆಂಟಿನಲ್ಲಿ ಉಬ್ಬಿಸಿ ತೆಗೆಯುವುದು: ಸ್ಟೇಷನ್ನಿನ ಮಳೆಮರ, ಶಾಲೆಯ ಹುಣಸೆ, ಗುಡಿಯ ಬೇವು, ರಸ್ತೆಗೆಂದು ಕಡಿದುಹಾಕಿದ ಗುಲ್‌ಮೊಹರು. ನಟ್ಟನಡುವೆ ತಮ್ಮ ಹೊಂಗೆ, ಅದರ ಕೆಳಗೆ ಸೊಪ್ಪು ಹರಡಿಕೊಂಡು ಕೂತ ಒಬ್ಬ ಹೆಂಗಸು. ಕೇಳಿದವರೆಲ್ಲ ಬೆರಗಾದರು. ಭಾನುಪ್ರಿಯಳ ಕಣ್ಣಲ್ಲಿ ನೀರು ಬಂತು. ಸುಬ್ಬಲಕ್ಷ್ಮಮ್ಮ ಮಾತ್ರ ಸೊಪ್ಪಿನ ಕಂತೆ ಕಟ್ಟುತ್ತ, ಅಷ್ಟೆತ್ತರ ಮಣ್ಣು ಹಾಕಿದರೆ ಮರದ ಕುತ್ತಿಗೆಯವರೆಗೂ ಬರುತ್ತದಲ್ಲ, ನೆಲದ ಮೇಲೆ ಬಿಡಿಸಿದರೆ ಆಗದೇ ಎಂದು ಕೇಳಿದಳು.  ಅರಳಿಕಟ್ಟೆ ಇಲ್ಲದ ಊರುಂಟೆ, ಕಟ್ಟೆ ಕಟ್ಟಿದ್ದಕ್ಕೆ ಅರಳಿಮರ ಸತ್ತಿದ್ದುಂಟೆ ಎಂದು ಸೆಲ್ವರಾಜನೇ ಜಯರಾಮಪ್ಪನ ಪರವಾಗಿ ವಾದ ಮಾಡಿದ. ಅರಳಿ ಬೇರೆ, ಹೊಂಗೆ ಬೇರೆ ಅನ್ನುವುದು ಆಗ ಯಾರಿಗೂ ತೋಚಲಿಲ್ಲ.

ಕೆಲಸ ಶುರುವಾಯಿತು. ಮರದ ಬುಡಕ್ಕೆ ಗೂಟ ನೆಟ್ಟು ಹಗ್ಗ ಕಟ್ಟಿ ವೃತ್ತ ಎಳೆದರೆ, ಚರಂಡಿಯ ಕಡೆಗೆ ಹೋಗಿದ್ದ ಆ ದಪ್ಪ ಬೇರು ಗೆರೆ ದಾಟಿ ಹೊರಗೆ ಹೋಗಿತ್ತು. ಒಂದು ಕಡೆ ಗೋಡೆಯನ್ನು ಅದರ ಮೇಲೆ ಬಾಗಿಸಿ ಕಟ್ಟಬಹುದಿತ್ತು. ಆದರೆ ಬಳೆ ಸೊಟ್ಟಗಾಗುತ್ತಿತ್ತು. ಜಯರಾಮಪ್ಪನ ಕೈಯಿಂದ ಸೊಟ್ಟ ಕೆಲಸ ಇವತ್ತಿನ ತನಕ ಬಂದಿಲ್ಲ. ಹೆಂಡತಿ ಕ್ಯಾಸಂಬಳ್ಳಿಗೆ ಹೋದ ಹೊತ್ತು ನೋಡಿ ಕೊಡಲಿ ತಂದು ಆ ಬೇರನ್ನು ಕಡಿದ. ಅವಳು ಬಂದು, ಮೂಟೆ ಇಳಿಸಿ, ಕಡಿದ ಜಾಗವನ್ನು ಒಂದು ಸಲ ನೋಡಿ, ಗೋಣಿಯನ್ನು ಆಚೆ ಕಡೆ ಹಾಸಿಕೊಂಡು ಕೂತಳು. 

ಕಟ್ಟೆ ಎದ್ದಿತು. ಇನ್ನು ಒಳಗೆ ತುಂಬಬೇಕಾದ ಮಣ್ಣು. ಎತ್ತಿದ ಚಂದಾ ಸಿಮೆಂಟು ಕಂಬಿಗೇ ಮುಗಿದುಹೋಗಿತ್ತು. ಹೊಲದ ಕೆಮ್ಮಣ್ಣು ತರಿಸೋಣವೆಂದರೆ ಟ್ರ್ಯಾಕ್ಟರಿನವರು ಇವತ್ತು ನಾಳೆ ಅನ್ನುತ್ತಿದ್ದರು. ಹಬ್ಬದ ಭಾನುವಾರ ಹತ್ತಿರ ಬರುತ್ತಿತ್ತು. ಜಯರಾಮಪ್ಪ ಸೆಲ್ವರಾಜನನ್ನು ಪಕ್ಕಕ್ಕೆ ಕರೆದು, ಅಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಗುಟ್ಟನ್ನು ಅವತ್ತು ಬಿಚ್ಚಿದ. ಕೈಗೆಟುಕುವಷ್ಟು ದೂರದಲ್ಲಿ ಗುಡ್ಡದ ಗುಡ್ಡವೇ ಬಿದ್ದಿರುವಾಗ ಮಣ್ಣಿಗೆ ಪರದಾಡುವುದು ಯಾಕೆ. ಅಮ್ಮನವರ ಮುಖಕ್ಕೆ ಆಗುವ ಮಣ್ಣು ಮರದ ಬುಡಕ್ಕೆ ಆಗದೇ. ಸೆಲ್ವರಾಜನ ಆಟೋ ನಾಲ್ಕು ಬೆಳಗಿನ ಜಾವ ದಿಬ್ಬಕ್ಕೆ ಹೋಗಿ ಬಂತು. ಬೂದುಮಣ್ಣು ಹೊಂಗೆಯ ಕಾಂಡವನ್ನು ಎದೆಮಟ್ಟಕ್ಕೆ ಮುಚ್ಚಿತು. ನೀರು ಹಾಕಿ ದಿಮ್ಮಸಿನಿಂದ ಕುಟ್ಟಿ ಗಟ್ಟಿ ಮಾಡಿ ಮೇಲೆ ತೆಳ್ಳಗೆ ಗಾರೆ ಎಳೆದರು. ಆ ದಿಬ್ಬಗಳ ಮೇಲೆ ಹುಲ್ಲು ಹುಟ್ಟುವುದೇ ಕಷ್ಟ ಎಂಬುದನ್ನು ಹುಟ್ಟಿದಂದಿನಿಂದ ನೋಡಿಕೊಂಡು ಬಂದವನು ಸೆಲ್ವರಾಜ್. ಅಲ್ಲಿ ವರ್ಷವರ್ಷ ಚೀಲ ತುಂಬಿದವನು ಜಯರಾಮಪ್ಪ. ಇಬ್ಬರಿಗೂ ಅದು ನೆನಪಾಗಲಿಲ್ಲ ಅಂದರೆ ನೀವು ನಂಬುವುದಿಲ್ಲ, ಆದರೆ ನಡೆದದ್ದು ಹಾಗೆಯೇ.

ಹಬ್ಬದ ದಿನ ಜನವೋ ಜನ. ರಂಗೋಲಿ ನೋಡಿದರು, ಹಕ್ಕಿಗಳನ್ನು ನೋಡಿದರು, ಹೊಂಗೆಮರದ ಹತ್ತಿರ ಬಂದವರು ಮಾತ್ರ ಅಲ್ಲೇ ನಿಂತುಬಿಟ್ಟರು. ಮಕ್ಕಳು ಸಿಮೆಂಟಿನ ಗುಲ್‌ಮೊಹರನ್ನು ಬೆರಳಲ್ಲಿ ಮುಟ್ಟಿ, ನಮ್ಮ ರಸ್ತೆಯ ಮರ ಇಲ್ಲಿಗೆ ಬಂದುಬಿಟ್ಟಿದೆ ಅಂದವು. ಮುದುಕಿಯರು ಹೊಂಗೆಯ ಕೆಳಗಿನ ಹೆಂಗಸನ್ನು ನೋಡಿ, ಅದೇ ಮೂಗು, ಅದೇ ಕೊಪ್ಪು, ಇದು ನಮ್ಮ ಸುಬ್ಬಲಕ್ಷ್ಮಮ್ಮನೇ ಎಂದು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಸುಬ್ಬಲಕ್ಷ್ಮಮ್ಮ ನಾಚಿ ಸೆರಗು ಮುಖಕ್ಕೆ ಅಡ್ಡ ಹಿಡಿದಳು. ಅವಳಿಗೂ ಅವತ್ತು ಸಂತೋಷವಾಗಿತ್ತು, ಸುಳ್ಳು ಹೇಳಬಾರದು. ಕೆಳಗೆ ಬುಡದಲ್ಲಿ ದಪ್ಪ ಅಕ್ಷರದಲ್ಲಿ ಹೆಸರಿತ್ತು: ಮೇಸ್ತ್ರಿ ಜಯರಾಮಪ್ಪ. ಅವನು ಎಲ್ಲರೂ ಹೋದ ಮೇಲೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಓದಲು ಬಾರದವನ ಹಾಗೆ ಒಂದೊಂದೇ ಅಕ್ಷರ ಓದಿಕೊಂಡ.

ಕಾರ್ತಿಕದಲ್ಲಿ ಎಲೆ ಹಳದಿಯಾಗತೊಡಗಿತು.

ಹೊಂಗೆ ಎಲೆ ಉದುರಿಸುವ ಕಾಲ ಅದಲ್ಲ. ಮೊದಲು ನೋಡಿದವಳು ಸುಬ್ಬಲಕ್ಷ್ಮಮ್ಮ, ಯಾಕೆಂದರೆ ಬಿಸಿಲು ಮೊದಲು ಬಿದ್ದದ್ದು ಅವಳ ಸೊಪ್ಪಿನ ಮೇಲೆ. ಅಲ್ಲೊಂದು ಇಲ್ಲೊಂದು ಬಿಸಿಲಿನ ಚೂರು; ಅವಳು ಗೋಣಿಯನ್ನು ಆಚೆ ಎಳೆದುಕೊಂಡಳು, ಮತ್ತೆ ಈಚೆ ಎಳೆದುಕೊಂಡಳು. ಮಳೆ ಬಂದ ದಿನ ಕಟ್ಟೆಯ ಮೇಲೆ ನೀರು ಕಂಠ ತುಂಬ ನಿಂತು ಎರಡು ದಿನವಾದರೂ ಇಂಗುತ್ತಿರಲಿಲ್ಲ. ಬಿಸಿಲು ಕಾದ ದಿನ ಗಾರೆಯ ಬಿರುಕಿನಲ್ಲಿ ಕಾಣುವ ಬೂದುಮಣ್ಣು ಕಲ್ಲಾಗಿರುತ್ತಿತ್ತು. ಅವಳು ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ ಒಂದು ಸಂಜೆ, ಅವನು ಕೈಕಾಲು ತೊಳೆದು ಬಂದು ಕೂತಾಗ, ಮುಂದೆ ಬಂದು ನಿಂತು ಹೇಳಿದಳು.

"ಮರ ಉಸ್ರಾಡ್ತಾ ಇಲ್ಲ ಕಣಯ್ಯಾ. ಒಡ್ದಾಕ್ಬುಡು. ಇನ್ನೂ ಒತ್ತೈತೆ."

ಇಲ್ಲಿ ಒಂದು ಮಾತು ಹೇಳಬೇಕು. ಅದಕ್ಕೆ ಮೂರು ದಿನ ಮುಂಚೆ ಭಾನುಪ್ರಿಯ ಸುದ್ದಿ ಕಳಿಸಿದ್ದಳು. ಬಂಗಾರಪೇಟೆಯ ಕೆಲವು ವರ್ತಕರು ಈ ಕಟ್ಟೆಯ ಫೋಟೋ ನೋಡಿ ಮನಸೋತಿದ್ದಾರೆ, ತಮ್ಮ ಬೀದಿಯ ಬೇವಿನಮರಕ್ಕೂ ಇಂಥದೇ ಮಾಡಿಸಬೇಕಂತೆ, ಸಂಕ್ರಾಂತಿ ಕಳೆದ ಮೇಲೆ ಬಂದು ಕಣ್ಣಾರೆ ನೋಡುತ್ತಾರಂತೆ. ಜಯರಾಮಪ್ಪ ಲೈನಿನ ಪ್ರತಿ ಮನೆಗೂ ಹೋಗಿ ಇದನ್ನು ಹೇಳಿ ಬಂದಿದ್ದ. ಈಗ ಇವಳು ಒಡೆ ಅನ್ನುತ್ತಿದ್ದಾಳೆ. ಅವನ ಕಣ್ಣಿಗೂ ಹಳದಿ ಎಲೆ ಬಿದ್ದಿತ್ತು, ಅವನು ಕುರುಡನಲ್ಲ. ಬಿದ್ದಿದ್ದಕ್ಕೇ ಅವನಿಗೆ ಅಷ್ಟು ಸಿಟ್ಟು ಬಂದದ್ದು.

"ಸೊಪ್ ಮಾರೋಳ್ಗೇನ್ ಗೊತ್ತಾತದೆ ಕಲೆ ಅಂದ್ರೆ? ಓಗ್ ಒಳಗೆ."

ಅವಳು ಒಳಗೆ ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಬೈದದ್ದುಂಟು, ಅವಳು ಅವನ ಜನ್ಮ ಜಾಲಾಡಿದ್ದುಂಟು. ಆದರೆ ಅವಳ ಕಸುಬನ್ನು ಎತ್ತಿ ಆಡಿದ್ದು ಅದೇ ಮೊದಲು. ಗೋಪುರದ ಕೆಲಸ ಸಿಗದ ವರ್ಷಗಳಲ್ಲಿ ಆ ಸೊಪ್ಪಿನಿಂದಲೇ ಒಲೆ ಉರಿದಿತ್ತು. ಮಾತು ಬಾಯಿಂದ ಬಿದ್ದ ತಕ್ಷಣ ಅವನು ನಾಲಿಗೆ ಕಚ್ಚಿಕೊಂಡ. ಆದರೆ ಎದ್ದು ಹೋಗಿ ತಪ್ಪಾಯಿತು ಅನ್ನಲಿಲ್ಲ. ಅವಳು ಆಮೇಲೆ ಮರದ ಮಾತನ್ನೇ ಎತ್ತಲಿಲ್ಲ.

ವರ್ತಕರು ಬಂದರು, ನೋಡಿದರು, ಸಿಮೆಂಟಿನ ಹೆಂಗಸಿನ ಕೆನ್ನೆ ಮುಟ್ಟಿದರು, ಕೆಲಸ ಒಪ್ಪಿಸಿ ಹೋದರು. ಅವರು ಬರುವ ಹಿಂದಿನ ದಿನ ಜಯರಾಮಪ್ಪ ಕಟ್ಟೆಯ ಮೇಲೆ ಬಿದ್ದ ಎಲೆಗಳನ್ನೆಲ್ಲ ಗುಡಿಸಿ ತೆಗೆದಿದ್ದ. ಮಾಘ ಬಂತು. ಮಾಘದಲ್ಲಿ ಎಲ್ಲ ಹೊಂಗೆಯೂ ಎಲೆ ಉದುರಿಸುತ್ತದೆ. ಇವರ ಮರವೂ ಪೂರ್ತಿ ಬೋಳಾಯಿತು. ಅವನಿಗೆ ಎಷ್ಟೋ ಸಮಾಧಾನವಾಯಿತು. ನೋಡು, ಎಲ್ಲವೂ ಉದುರಿಸಿವೆ, ಇದೂ ಉದುರಿಸಿದೆ, ಯುಗಾದಿಗೆ ಎಲ್ಲ ಸೇರಿ ಚಿಗುರುತ್ತವೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ, ದಿನಾ ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಬೇವಿನಮರದ ಸುತ್ತ ಇಟ್ಟಿಗೆ ಇಡುತ್ತಿದ್ದ.

ಯುಗಾದಿಗೆ ನಾಲ್ಕೈದು ದಿನ ಇದ್ದಾಗ ಇರಬೇಕು. ರೈಲಿನಲ್ಲಿ ಬೆಂಗಳೂರಿಗೆ ಹೋಗುವವರ ನೂಕುನುಗ್ಗಲು. ಅವನಿಗೆ ಕಿಟಕಿಯ ಪಕ್ಕ ನಿಲ್ಲಲು ಜಾಗ ಸಿಕ್ಕಿತ್ತು. ಹಳಿಯ ಪಕ್ಕದಲ್ಲಿ ಒಂದು ಹೊಂಗೆ ಹೋಯಿತು, ಮೈತುಂಬ ಎಳೆ ಎಲೆ, ಬಿಸಿಲಿಗೆ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಮತ್ತೊಂದು ಹೋಯಿತು. ಕೋಳಿಗೂಡಿನ ಹಿಂದೆ ಯಾರೋ ಅರ್ಧ ಕಡಿದು ಬಿಟ್ಟಿದ್ದ ಮೋಟು ಹೊಂಗೆ, ಅದೂ ಚಿಗುರಿತ್ತು. ಬಂಗಾರಪೇಟೆ ಬರುವ ತನಕ ಅವನು ಒಂದಾದರೂ ಬೋಳು ಹೊಂಗೆ ಕಂಡೀತೇ ಎಂದು ಹುಡುಕಿದ. ಒಂದೂ ಕಾಣಲಿಲ್ಲ.  ಬಂಗಾರಪೇಟೆಯಲ್ಲಿ ಇಳಿದವನು ಕೆಲಸದ ಕಡೆಗೆ ಹೋಗದೆ, ಪ್ಲಾಟ್‌ಫಾರಂನಲ್ಲೇ ಕೂತಿದ್ದು, ವಾಪಸ್ಸು ಹೋಗುವ ಗಾಡಿ ಹತ್ತಿದ.

ಸುಬ್ಬಲಕ್ಷ್ಮಮ್ಮ ಕಟ್ಟೆಯ ಪಕ್ಕದಲ್ಲಿ ಬಿಸಿಲಿನಲ್ಲಿ ಕೂತಿದ್ದಳು. ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಅವನು ಅವಳ ಮುಖ ನೋಡದೆ ಮನೆಗೆ ಹೋಗಿ ದೊಡ್ಡ ಸುತ್ತಿಗೆ, ಹಾರೆ ಎರಡನ್ನೂ ತಂದ. ಮೊದಲ ಏಟು ತನ್ನ ಹೆಸರಿಗೇ ಹಾಕಿದ.

ಸದ್ದು ಕೇಳಿ ಲೈನಿಗೆ ಲೈನೇ ಓಡಿ ಬಂತು. ಸೆಲ್ವರಾಜ್ ಹಿಂದಿನಿಂದ ತಬ್ಬಿ ಹಿಡಿದುಕೊಂಡ. ತಮಾಷೆ ನೋಡಿ, ಮರ ಒಣಗುತ್ತಿದ್ದಾಗ ಬಾರದ ಜನ ಕಟ್ಟೆ ಒಡೆಯುವಾಗ ಬಂದರು. ಇದು ನಿನ್ನೊಬ್ಬನದಲ್ಲ, ನಾವೂ ಚಂದಾ ಕೊಟ್ಟಿದ್ದೇವೆ, ಮರ ಹೋದರೆ ಹೋಗಲಿ ಚಿತ್ರವಾದರೂ ಇರಲಿ, ಮೇಲೊಂದು ಅಮ್ಮನವರನ್ನು ಕೂರಿಸೋಣ, ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಜಯರಾಮಪ್ಪ ಸೆಲ್ವರಾಜನ ಕೈ ಬಿಡಿಸಿಕೊಂಡು ಮಳೆಮರ ಒಡೆದ, ಹುಣಸೆ ಒಡೆದ, ಗುಲ್‌ಮೊಹರು ಒಡೆದ. ಹೊಂಗೆಯ ಕೆಳಗೆ ಕೂತ ಹೆಂಗಸಿನ ಮುಂದೆ ಬಂದಾಗ ಎತ್ತಿದ ಸುತ್ತಿಗೆ ಎತ್ತಿದ ಹಾಗೇ ನಿಂತಿತು. ಅವನ ಜೀವಮಾನದಲ್ಲಿ ಅದಕ್ಕಿಂತ ಚೆನ್ನಾಗಿ ಅವನು ಏನನ್ನೂ ಮಾಡಿರಲಿಲ್ಲ. ಆಗ ಸುಬ್ಬಲಕ್ಷ್ಮಮ್ಮ ಬಾಯಿ ಬಿಟ್ಟಳು.

"ಅದ್ನೂ ಒಡಿ. ನಾನ್ ಇಲ್ಲೇ ಕೂತಿವ್ನಲ್ಲ."

ಅವನು ಒಡೆದ.

ಬೂದುಮಣ್ಣು ಜಾರಿ ಬೀದಿಗೆ ಬಿತ್ತು. ಮೇಲೆ ಕಲ್ಲು, ಒಳಗೆ ಹಸಿ ಹಸಿ. ಅದನ್ನು ಬಾಂಡ್ಲಿಯಲ್ಲಿ ಎತ್ತಿ ಎತ್ತಿ ಹಾಕಿದ ಮೇಲೆ, ತಿಂಗಳುಗಟ್ಟಲೆ ಬೆಳಕು ಕಾಣದ ಕಾಂಡ ಕಂಡಿತು. ತೊಗಟೆ ಕಪ್ಪಾಗಿ, ಮುಟ್ಟಿದರೆ ಕೈಗೆ ಬರುತ್ತಿತ್ತು. ಒಳಗಿಂದ ಕೊಳೆತ ವಾಸನೆ. ಜಯರಾಮಪ್ಪ ಉಗುರಿನಿಂದ ಕೆರೆದು ಎಲ್ಲಾದರೂ ಹಸಿರು ಇದೆಯೇ ಎಂದು ಸುತ್ತಲೂ ನೋಡಿದ. ಬುಡಕ್ಕೆ ಕೊಡದ ಮೇಲೆ ಕೊಡ ನೀರು ಹೊತ್ತು ಹಾಕಿದ, ಬೇಡ ಅಂದರೂ ಕೇಳದೆ ಗೊಬ್ಬರ ತಂದು ಹಾಕಿದ. ಒಂದು ಕುಡಿಯೂ ಒಡೆಯಲಿಲ್ಲ. ಮರ ಕಾರ್ತಿಕದಲ್ಲಿ ಬದುಕಿತ್ತು. ಅವಳು ಹೊತ್ತಿದೆ ಅಂದಾಗ ಹೊತ್ತಿತ್ತು.

ಮರ ಸತ್ತದ್ದು ದಿಬ್ಬದ ಮಣ್ಣಿನಿಂದಲೋ, ಬೇರು ಕಡಿದದ್ದರಿಂದಲೋ, ಕುತ್ತಿಗೆಯ ತನಕ ಹೂತದ್ದರಿಂದಲೋ ಅವನಿಗೆ ಇವತ್ತಿಗೂ ತಿಳಿಯದು. ಭಾನುಪ್ರಿಯ ಬಂದು, ತಪ್ಪು ನನ್ನದೂ ಇದೆ ಮೇಸ್ತ್ರಿ, ನಾನು ಮರದ ಹಬ್ಬ ಅಂದೆ, ಮರವನ್ನೇ ನೋಡಲಿಲ್ಲ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡಿದವನೂ ಅವನೇ. ಮಣ್ಣು ತಂದ ಕೈ ಅವನದು, ಕೊಡಲಿ ಹಿಡಿದ ಕೈ ಅವನದು, ಕಟ್ಟಿದ ಕೈ ಅವನದು. ಅದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, ಗೊತ್ತಿಲ್ಲದೆ ಆಯಿತು ಅನ್ನಬಹುದಿತ್ತು. ಗೊತ್ತಾದ ಮೇಲೂ ಎಲೆ ಗುಡಿಸಿದನಲ್ಲ, ಅದಕ್ಕೆ ಏನು ಹೇಳುವುದು.

ಬಂಗಾರಪೇಟೆಗೆ ಹೋಗಿ ವರ್ತಕರಿಗೂ ಹೇಳಿದ. ಮಣ್ಣು ತುಂಬಬೇಡಿ, ಕಟ್ಟಿದಷ್ಟನ್ನು ಬಿಚ್ಚುತ್ತೇನೆ, ಚಿತ್ರ ಬೇಕಾದರೆ ಪಕ್ಕದ ಗೋಡೆಗೆ ಮಾಡಿಕೊಡುತ್ತೇನೆ ಅಂದ. ಅವರು ಮುಖ ಮುಖ ನೋಡಿಕೊಂಡು, ವಯಸ್ಸಾಯಿತು ನಿಮಗೆ, ಮನೆಯಲ್ಲಿರಿ ಅಂದರು. ಬೇರೆ ಮೇಸ್ತ್ರಿ ಬಂದ. ಅದೇ ಅಳತೆ, ಅದೇ ದುಂಡು, ಅವನದೇ ಮಾದರಿ. ಅದು ನೋಡಿ ಇನ್ನೊಂದು ಬೀದಿಯವರೂ ಮಾಡಿಸುತ್ತಿದ್ದಾರೆಂದು ಕೇಳಿ ಜಯರಾಮಪ್ಪ ಎದ್ದು ಒಳಗೆ ಹೋಗಿ ಮಲಗಿಕೊಂಡ. ಅಮ್ಮನವರ ಕೆನ್ನೆಗೆಂದು ಮೂಲೆಯಲ್ಲಿಟ್ಟಿದ್ದ ಚೀಲವನ್ನು ಅಷ್ಟು ಹೊತ್ತಿಗೆ ದಿಬ್ಬಕ್ಕೇ ಸುರಿದು ಬಂದಿದ್ದ.

ಬೇಸಿಗೆಯಲ್ಲಿ ಮರವನ್ನು ಕಡಿದು ಸೌದೆ ಮಾಡಿದರು. ಲೈನಿನವರು ಮಧ್ಯಾಹ್ನ ಕೂರಲು ಜಾಗವಿಲ್ಲದೆ ತಂತಮ್ಮ ತಗಡಿನ ಕೆಳಗೇ ಬೆಂದರು. ಯಾರೂ ಅವನನ್ನು ಬೈಯಲಿಲ್ಲ. ಸುಬ್ಬಲಕ್ಷ್ಮಮ್ಮ ಅದೇ ಜಾಗದಲ್ಲಿ ಕೂತಳು, ಬೇರೆ ಎಲ್ಲಿಗೆ ಹೋದಾಳು, ಗಿರಾಕಿಗಳಿಗೆ ಗೊತ್ತಿರುವುದು ಅದೇ ಜಾಗ. ಹತ್ತು ಗಂಟೆಗೆಲ್ಲ ಸೊಪ್ಪು ಸೋಲುತ್ತಿತ್ತು. ಅವನು ಒಂದು ದೊಡ್ಡ ಕಪ್ಪು ಕೊಡೆ ತಂದು ಹಿಡಿಯಲು ಹೋದರೆ, ಬೇಡ ಎಂದು ಕೈಯಲ್ಲೇ ಸನ್ನೆ ಮಾಡುತ್ತಿದ್ದಳು. ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಹೇಳುತ್ತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವಳು ಮೂಟೆ ಇಳಿಸಿದವಳು ಚರಂಡಿಯ ಕಡೆ ಬಗ್ಗಿ ನೋಡುತ್ತ ನಿಂತಳು. ಜಯರಾಮಪ್ಪ ಮನೆಯ ಬಾಗಿಲಿನಿಂದ ನೋಡಿ ಬಂದ. ಅವನು ಅಂದು ಕಡಿದಿದ್ದ ಬೇರು, ಕಟ್ಟೆಯ ಗೆರೆಯ ಆಚೆ ಉಳಿದುಕೊಂಡಿದ್ದ ತುಂಡು. ಬೂದುಮಣ್ಣು ಅದಕ್ಕೆ ತಗುಲಿರಲಿಲ್ಲ. ಅದರ ಮೈಯಿಂದ ಬೆರಳುದ್ದದ ಒಂದು ಕಡ್ಡಿ ಎದ್ದು, ತುದಿಯಲ್ಲಿ ಎರಡು ಎಳೆ ಎಲೆ ಬಿಟ್ಟಿತ್ತು. ಹೊಂಗೆಯದೇ. ಮಿರಿಮಿರಿ ಅನ್ನುತ್ತಿತ್ತು.

ಅವನು ಮನೆಗೆ ಓಡಿದ. ಹಿತ್ತಿಲಿನಿಂದ ಇಟ್ಟಿಗೆ ಹೊತ್ತುಕೊಂಡು ಬಂದ, ಕರಣೆ ತಂದ. ಮೇಕೆ ಬಂದೀತು, ಚಕ್ರ ಹತ್ತೀತು, ಸುತ್ತ ನಾಲ್ಕು ವರಸೆ ಇಟ್ಟಿಗೆಯನ್ನಾದರೂ ಇಡಬೇಕು ಎಂದು ಮಂಡಿಯೂರಿ ಕೂತು ಮೊದಲ ಇಟ್ಟಿಗೆ ಇಡಲು ಹೋದ. ಸುಬ್ಬಲಕ್ಷ್ಮಮ್ಮ ಅವನ ಮಣಿಕಟ್ಟು ಹಿಡಿದುಕೊಂಡಳು.

"ಏನೂ ಮಾಡ್ಬೇಡ," ಅಂದಳು. "ಅದರ್ ಪಾಡ್ಗೆ ಅದನ್ನ ಬುಟ್ಬುಡು."

ಅವನು ಇಟ್ಟಿಗೆ ಕೆಳಗಿಟ್ಟ. ಅರವತ್ತು ವರ್ಷ ಒಂದು ಗಳಿಗೆ ಸುಮ್ಮನಿರದ ಕೈಗಳು. ಅವುಗಳನ್ನು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಅವಳು ಹೋಗಿ ಯಾವುದೋ ಬೇಲಿಯಿಂದ ಎರಡು ಜಾಲಿಮುಳ್ಳಿನ ಕೊಂಬೆ ತಂದು ಸುತ್ತ ಹಾಕಿ, ಗೋಣಿ ಹಾಸಿ ಕೂತಳು. ಮೋಡ ಸರಿದು ಬಿಸಿಲು ಬಿತ್ತು. ಅದು ಮರವಾಗಿ ಸೊಪ್ಪಿಗೆ ಆಗುವಷ್ಟು ನೆರಳು ಕೊಡುವ ಹೊತ್ತಿಗೆ ತಾವಿಬ್ಬರೂ ಇರುತ್ತೇವೋ ಇಲ್ಲವೋ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇರುವುದಿಲ್ಲ ಎಂದೇ ಅನ್ನಿಸಿತು. ಬೇರೇನೂ ಮಾಡಲಾಗದೆ ಒಳಗಿನಿಂದ ಆ ಕಪ್ಪು ಕೊಡೆ ತಂದು ಬಿಚ್ಚಿ, ಎಳೆ ಎಲೆಗಳಿಗೆ ಬಿಸಿಲು ತಾಗದ ಹಾಗೆ ಅಡ್ಡ ಹಿಡಿದ.

ಸುಬ್ಬಲಕ್ಷ್ಮಮ್ಮ ಕಂತೆ ಕಟ್ಟುತ್ತಿದ್ದವಳು ತಲೆ ಎತ್ತಿ ನೋಡಿದಳು.

"ಅದ್ಕೆ ಬಿಸ್ಲು ಬೇಕು. ನನ್ ಮ್ಯಾಲ್ ಇಡಿ."

ಅವನು ಕೊಡೆಯನ್ನು ಅವಳ ಮೇಲೆ ಹಿಡಿದ. ಸೊಪ್ಪೆಲ್ಲ ಮಾರಿ ಮುಗಿಯುವ ತನಕ ಹಾಗೇ ನಿಂತಿದ್ದ.